ಸಹಿ ಹಾಕದ ಸ್ಪ್ಯಾನರ್ ಅಕ್ಕ

ಬಯಲಿನಲ್ಲಿದ್ದ ಇಪ್ಪತ್ತೆಂಟು ರೇಡಿಯೋ ಆಂಟೆನಾಗಳನ್ನು ಇಪ್ಪತ್ತಮೂರು ವರ್ಷ ನೋಡಿಕೊಂಡವಳು ಅವಳು. ನಕ್ಷತ್ರಗಳಿಂದ ಬರುವ ಸಂಕೇತ ಹಿಡಿಯುವುದು ವಿಜ್ಞಾನಿಗಳ ಕೆಲಸ. ಮನೆಗಿಂತ ದೊಡ್ಡದಾದ ಆ ಆಂಟೆನಾ ಬಟ್ಟಲುಗಳು ಹೇಳಿದ ಕಡೆ ತಿರುಗುವಂತೆ ಇಡುವುದು ಇವಳ ಕೆಲಸ. ಜೇಬಿನಲ್ಲಿ ಸದಾ ಸ್ಪ್ಯಾನರ್ ಇರುತ್ತಿದ್ದುದರಿಂದ ಎಲ್ಲರಿಗೂ ಸ್ಪ್ಯಾನರ್ ಅಕ್ಕ. ವಯಸ್ಸಿನಲ್ಲಿ ಹಿರಿಯರಾದ ನಿರ್ದೇಶಕರಿಗೂ ಅಕ್ಕನೇ.

ಒಂದು ವರ್ಷ ಆಂಟೆನಾಗಳನ್ನು ತಿರುಗಿಸುವ ಹಳೆಯ ನಿಯಂತ್ರಣ ವ್ಯವಸ್ಥೆ ತೆಗೆದು ಹೊಸದನ್ನು ಕೂರಿಸಿದರು. ಕೊನೆಯ ಪರೀಕ್ಷೆಗೆ ತೊಂಬತ್ತೆರಡು ಅಂಶಗಳ ಪಟ್ಟಿ, ಕೆಳಗೆ ನಿರ್ವಹಣೆಯ ಮುಖ್ಯಸ್ಥೆಯಾದ ಅವಳ ಸಹಿ ಬೇಕಿತ್ತು. ನಾಲ್ಕು ದಿನದಲ್ಲಿ ತೊಂಬತ್ತೊಂದಕ್ಕೆ ಗುರುತು ಹಾಕಿ ಅಲ್ಲಿಗೇ ನಿಲ್ಲಿಸಿದಳು.

ಕೊನೆಯದು ಇಷ್ಟೇ: ನಿಯಂತ್ರಣ ಕೊಠಡಿಯಿಂದ ಬರುವ ಕೇಬಲ್ ಕಡಿದುಹೋದರೆ ಆಂಟೆನಾ ತಾನಾಗಿಯೇ ಮುಖ ಮೇಲೆತ್ತಿ ಬ್ರೇಕ್ ಹಾಕಿಕೊಳ್ಳಬೇಕು. ಓರೆಯಾಗಿ ನಿಂತ ಬಟ್ಟಲನ್ನು ಬಿರುಗಾಳಿ ಮುರಿದು ಹಾಕುತ್ತದೆ. ಪಟ್ಟಿಯಲ್ಲಿ ಆ ಅಂಶದ ಮುಂದೆ ಹೊಸ ವ್ಯವಸ್ಥೆಯ ಎಂಜಿನಿಯರ್ ಮೇಡಂ ಮೊದಲೇ ಬರೆದಿದ್ದರು: ‘ಕಂಪ್ಯೂಟರಿನಲ್ಲಿ ಪರೀಕ್ಷಿಸಲಾಗಿದೆ.’

“ನಿಜವಾದ ಕೇಬಲ್ ಕಿತ್ತು ನೋಡೋಣ,” ಎಂದಳು ಅಕ್ಕ.

“ಸೋಮವಾರ ಉದ್ಘಾಟನೆ ಅಕ್ಕ,” ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. “ಈಗ ಕಿತ್ತು ಏನಾದ್ರೂ ಕೆಟ್ರೆ? ಸಹಿ ಹಾಕಿ. ಇಲ್ಲಾಂದ್ರೆ ನಿಮ್ಮನ್ನ ಸ್ಟೋರ್ ರೂಮಿಗೆ ಹಾಕಬೇಕಾಗುತ್ತೆ.”

“ಹಾಕಿ ಸಾರ್. ಅಲ್ಲಿ ಕೂತ್ಕೊಂಡೂ ಇದನ್ನೇ ಹೇಳ್ತೀನಿ. ಅಷ್ಟು ಧೈರ್ಯ ಇದ್ರೆ ನೀವೇ ಸಹಿ ಹಾಕಿ, ತಗೊಳ್ಳಿ.”

ಅವಳು ಚಾಚಿದ ಪೆನ್ನನ್ನು ಅವರು ಮುಟ್ಟಲಿಲ್ಲ.

ಸಂಜೆ ಮನೆಯಲ್ಲಿ ದರ್ಜಿಯಾದ ಗಂಡ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ಒಂದು ಸಹಿ ತಾನೆ? ಹಾಕಿ ಕೈ ತೊಳ್ಕೋಬಾರದಾ?” ಎಂದ.

“ಅಳತೆ ತಗೊಳ್ದೆ ಬಟ್ಟೆ ಕತ್ತರಿಸು ಅಂದ್ರೆ ಕತ್ತರಿಸ್ತೀಯಾ?”

ಅವನು ಸೂಜಿಯನ್ನು ಮತ್ತೆ ಬಾಯಿಗೆ ಸಿಕ್ಕಿಸಿಕೊಂಡ.

ಮರುದಿನವೇ ವರ್ಗಾವಣೆಯ ಆದೇಶ ಬಂತು. ಸ್ಟೋರಿನಲ್ಲಿ ಹಳೆಯ ಬೋಲ್ಟುಗಳನ್ನು ವಿಂಗಡಿಸುತ್ತಿದ್ದವಳ ಮುಂದೆ ಎಂಜಿನಿಯರ್ ಮೇಡಂ ಬಂದು ನಿಂತರು. ಮುಖ ಕೆಂಪಾಗಿತ್ತು.

“ನನ್ನ ಕೆಲಸದ ಮೇಲೆ ನಿಮಗೆ ನಂಬಿಕೆ ಇಲ್ವಾ?”

“ನಿಮ್ಮ ಮೇಲಿದೆ ಮೇಡಂ. ಗಾಳಿ ಮೇಲಿಲ್ಲ.”

ಮೇಡಂ ಬಾಗಿಲ ಕಡೆ ತಿರುಗಿ, “ಬನ್ನಿ, ಕಿತ್ತೇ ಬಿಡೋಣ,” ಎಂದರು. ಯಾರನ್ನೂ ಕೇಳಲಿಲ್ಲ.

ಏಳನೆಯ ಆಂಟೆನಾ ಓರೆಯಾಗಿ ನಿಂತಿತ್ತು. ಅಕ್ಕ ಬುಡದ ಪೆಟ್ಟಿಗೆ ತೆರೆದು ಕೇಬಲ್ ಎಳೆದಳು. ಅರ್ಧ ನಿಮಿಷ ಕಳೆಯಿತು, ಒಂದು ನಿಮಿಷವೂ ಕಳೆಯಿತು. ಬಟ್ಟಲು ಮಿಸುಕಲಿಲ್ಲ. ಮೇಡಂ ನಿಯಂತ್ರಣ ಕೊಠಡಿಗೆ ಫೋನ್ ಮಾಡಿದರೆ, ಪರದೆಯ ಮೇಲೆ ಏಳನೆಯದು ಹಸಿರಾಗಿ ‘ಸುರಕ್ಷಿತ’ ಎಂದು ತೋರಿಸುತ್ತಿದೆಯಂತೆ!

“ಅಯ್ಯೋ,” ಎಂದು ಮೇಡಂ ನೆಲದ ಮೇಲೇ ಕುಳಿತರು. “ಮೇಲೆತ್ತು ಅನ್ನೋ ಆಜ್ಞೆ ಕೊಠಡಿಯಿಂದಾನೇ ಬರಬೇಕು. ಕೇಬಲ್ ಇಲ್ದೆ ಅದು ಇಲ್ಲಿಗೆ ಹೇಗೆ ಬರುತ್ತೆ? ಆಜ್ಞೆ ಕಳಿಸಿದ್ದನ್ನೇ ಕೆಲಸ ಆಯ್ತು ಅಂತ ಪರದೆ ತೋರಿಸ್ತಿದೆ.”

ಅಂದೇ ಅವರು ನಿರ್ದೇಶಕರಿಗೆ ತಪ್ಪು ತಮ್ಮದೆಂದು ಬರೆದುಕೊಟ್ಟರು. ಉದ್ಘಾಟನೆ ಮುಂದಕ್ಕೆ ಹೋಯಿತು. ಆಜ್ಞೆ ಆಂಟೆನಾದ ಬುಡದ ಪೆಟ್ಟಿಗೆಯಿಂದಲೇ ಹೊರಡುವಂತೆ ಬದಲಿಸಲು ಎರಡು ತಿಂಗಳು ಹಿಡಿಯಿತು.

ಮರುಪರೀಕ್ಷೆಗೆ ನಿರ್ದೇಶಕರು ಹೇಳಿಕಳುಹಿಸಿದಾಗ ಅಕ್ಕ ಸ್ಟೋರಿನಿಂದ ಏಳಲಿಲ್ಲ. “ಹೋಗು ಅಂದಿದ್ದು ಕಾಗದದಲ್ಲಿ. ಬಾ ಅನ್ನೋದೂ ಕಾಗದದಲ್ಲೇ ಬರಲಿ.” ಕಾಗದ ಬಂತು. ಮೂರು ದಿನ ಇಪ್ಪತ್ತೆಂಟೂ ಕೇಬಲುಗಳನ್ನು ಒಂದೊಂದಾಗಿ ತಾನೇ ಕಿತ್ತಳು. ಪ್ರತಿ ಬಟ್ಟಲೂ ನಿಧಾನವಾಗಿ ಮುಖ ಎತ್ತಿತು, ಠಕ್ಕೆಂದು ಬ್ರೇಕ್ ಬಿತ್ತು. ಆಮೇಲೆ ಸಹಿ ಹಾಕಿದಳು.

ಉದ್ಘಾಟನೆಯ ದಿನ ವೇದಿಕೆಯಿಂದ ಹಲವರಿಗೆ ವಂದನೆ ಹೇಳಿದರು. ಅವಳ ಹೆಸರು ಬರಲಿಲ್ಲ. ಅಕ್ಕ ಹನ್ನೆರಡನೆಯ ಆಂಟೆನಾದ ಏಣಿಯ ಮೇಲೆ ಗ್ರೀಸು ಹಚ್ಚುತ್ತಿದ್ದಳು. ಫೋಟೋಗೆ ಬನ್ನಿ ಎಂದು ಕೆಳಗಿನಿಂದ ಯಾರೋ ಕೂಗಿದರು.

“ಕೈಯೆಲ್ಲ ಗ್ರೀಸು, ಆಮೇಲೆ ಬರ್ತೀನಿ,” ಎಂದಳು.

ಹೋಗಲಿಲ್ಲ.