ಕೈ ಹಾಕಿ ನೋಡದ ಒಂದು ಬಲೆ

ನನ್ನ ಅಕ್ಕನ ಗಂಡ ಹನ್ನೊಂದು ವರ್ಷ ಊರಿನ ಬಲೆಗಳ ಕಣ್ಣು ಅಳೆದವರು. ಬಲೆ ಹೊಲಿಯುವುದು ಅವರ ಕಸುಬು, ಅಳೆಯುವುದು ಊರು ಕೊಟ್ಟ ಕೆಲಸ. ಹೊಳೆ ಕಡಲು ಸೇರುವಲ್ಲಿ ನಮ್ಮ ದೋಣಿಯವರಿಗೂ ದಡದಲ್ಲಿ ನಿಂತು ಬೀಸುಬಲೆ ಎಸೆಯುವವರಿಗೂ ದೋಣಿಯ ಹುಟ್ಟುಗೋಲು ಎತ್ತಿ ಹೊಡೆದಾಡುವಷ್ಟು ಜಗಳವಿತ್ತು. ಕೊನೆಗೆ ಒಪ್ಪಂದವಾಯಿತು. ದೋಣಿಯವರು ಮರಿ ನುಸುಳಿಹೋಗುವಂಥ ದೊಡ್ಡ ಕಣ್ಣಿನ ಬಲೆಯನ್ನೇ ಬಿಡಬೇಕು. ಬೀಸುಬಲೆಯವರು ಮೀನು ಮೊಟ್ಟೆಯಿಡುವ ಎರಡು ತಿಂಗಳು ಜೊಂಡಿನೊಳಗೆ ಕಾಲಿಡಬಾರದು. ಅಳೆಯುವವರು ಯಾರು ಎಂದಾಗ ಎರಡೂ ಕಡೆಯವರು ಭಾವನ ಕಡೆಗೇ ಕೈ ತೋರಿಸಿದರು.

ಎರಡು ಬೆರಳಗಲದ ಮರದ ಬಿಲ್ಲೆಯೊಂದನ್ನು ಕೆತ್ತಿಕೊಂಡು ಬೆಳಿಗ್ಗೆ ದೋಣಿ ಇಳಿಯುವ ಮೊದಲೇ ಬಂದು ಕೂರುತ್ತಿದ್ದರು. ಬಿಲ್ಲೆ ಕಣ್ಣಿನಲ್ಲಿ ತೂರಿದರೆ ಸೈ. ಆಮೇಲೆ ಬಲೆಯ ಬಾಲದ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ ತಡಕುತ್ತಿದ್ದರು, ಒಳಗೆ ಸಣ್ಣ ಕಣ್ಣಿನ ಇನ್ನೊಂದು ಚೀಲ ಹೊಲಿದಿದ್ದಾರೋ ಎಂದು. ಯಾರಾದರೂ ಗೊಣಗಿದರೆ, "ಮೀನಿಗೂ ಮದುವೆ ವಯಸ್ಸು ಬರ್ಲಿ ಕಣ್ರಪ್ಪಾ, ಆಮೇಲೆ ಹಿಡೀರಿ" ಎನ್ನುವರು.

ನನಗೆ ಕೋಪ ಮೂಗಿನ ತುದಿಯಲ್ಲಿ. ಒಂದು ದಿನ ನನ್ನ ಚೀಲಕ್ಕೆ ಕೈ ಹಾಕಿದಾಗ ಎಲ್ಲರೆದುರು ಕೂಗಾಡಿದೆ: "ಹೆಂಡ್ತಿ ತಮ್ಮನ್ನೂ ಕಳ್ಳ ಅಂತೀರಾ ಭಾವ? ಇನ್ನು ನಿಮ್ಮನೆ ಹೊಸಿಲು ತುಳಿಯಲ್ಲ!" ನಾಲ್ಕು ತಿಂಗಳು ತುಳಿಯಲೂ ಇಲ್ಲ. ಅಕ್ಕ ಅತ್ತು ಕರೆದು ರಾಜಿ ಮಾಡಿಸಿದಳು. ಅಂದಿನಿಂದ ಭಾವ ನನ್ನ ಬಲೆಯನ್ನು ಹೊರಗಿನಿಂದಷ್ಟೇ ನೋಡಿ ಬಿಡುತ್ತಿದ್ದರು.

ಮೀನು ಕಡಿಮೆಯಾದ ವರ್ಷ ನಾನು ಒಳಚೀಲ ಹೊಲಿದೆ.

ಸಂತೆಯಲ್ಲಿ ಬೆರಳುದ್ದದ ಮರಿಗಳು ಕಂಡಾಗ ಸಭೆ ಸೇರಿತು. ಬೀಸುಬಲೆಯವರ ಹಿರಿಯ ಹೆಂಗಸು ಎದ್ದು, "ದೋಣಿಯವರಲ್ಲಿ ಯಾರೋ ಒಳಚೀಲ ಹಾಕಿದಾರೆ" ಎಂದಳು. ನಾನು ಛಂಗನೆ ಎದ್ದೆ. "ಯಾರಿಗೆ ಹೇಳ್ತಿದ್ದೀಯ? ನಾಲಿಗೆ ಬಿಗಿ ಹಿಡಿ!"

"ಅಯ್ಯೋ, ನಾನು ಕುಂಬಳಕಾಯಿ ಕಳ್ಳ ಅಂದೆ ಅಷ್ಟೆ. ನೀನ್ಯಾಕಪ್ಪಾ ಹೆಗಲು ಮುಟ್ಟಿ ನೋಡ್ಕೋತೀಯ?"

ಎಲ್ಲರೂ ನಕ್ಕರು. ಅವಳು ಭಾವನ ಕಡೆ ತಿರುಗಿದಳು. "ಅಣ್ಣಾ, ನೀವು ಹೇಳಿ. ಎಲ್ಲಾ ಚೀಲಕ್ಕೂ ಕೈ ಹಾಕಿ ನೋಡಿದೀರಾ?"

ಭಾವ ಸುಳ್ಳು ಹೇಳಿ ಅಭ್ಯಾಸವಿಲ್ಲದವರು. "ಒಂದು ಬಿಟ್ಟು" ಎಂದರು.

"ಯಾರದು?"

"ತಪ್ಪು ನಂದು. ಅಷ್ಟು ಸಾಕು." ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಹೊರಟರು. "ಎಷ್ಟು ತಿಂದ್ನೋ ಮುದುಕ" ಎಂದು ಹಿಂದಿನಿಂದ ಯಾರೋ ಅಂದರು. ಮಾತುಮಾತಿಗೆ ಎಗರುವ ನನ್ನ ಬಾಯಿಗೆ ಆಗ ಬೀಗ ಬಿದ್ದಿತ್ತು. ಬೀಸುಬಲೆಯವರು, ಒಪ್ಪಂದ ಮುರಿಯಿತು, ನಾಳೆಯೇ ಜೊಂಡಿಗಿಳಿಯುತ್ತೇವೆ ಎಂದರು.

ಬೆಳಿಗ್ಗೆ ಅವರು ಬಲೆ ಹೆಗಲಿಗೇರಿಸಿ ನೀರಿನ ಅಂಚಿಗೆ ಬಂದಾಗ ನಾನು ಒಳಚೀಲ ಕಿತ್ತು ತಂದು ಆ ಹೆಂಗಸಿನ ಕಾಲ ಬುಡಕ್ಕೆ ಹಾಕಿದೆ. "ನಂದೇ. ಭಾವ ಒಂದು ಕಾಸೂ ಮುಟ್ಟಿಲ್ಲ. ನನ್ನ ಬಾಯಿಗೆ ಹೆದರಿ ಬಿಟ್ಟಿದ್ರು." ಅವಳು ಬೈಯಲಿಲ್ಲ. ಚೀಲವನ್ನು ಎತ್ತಿ ಎಲ್ಲರಿಗೂ ತೋರಿಸಿ ತನ್ನವರನ್ನು ಹಿಂದಕ್ಕೆ ಕರೆದೊಯ್ದಳು. ಒಂದು ವರ್ಷ ನೀರಿಗಿಳಿಸಬಾರದೆಂದು ಊರವರು ನನ್ನ ದೋಣಿಯನ್ನು ದಡಕ್ಕೆಳೆದರು.

ಬಿಲ್ಲೆ ಹಿಡಿದು ಭಾವನ ಮನೆಗೆ ಹೋದೆ. "ಊರವರೇ ಕಳಿಸಿದಾರೆ ಭಾವ, ಇಟ್ಕೊಳ್ಳಿ."

ಅವರು ಹೊಲಿಗೆಯಿಂದ ತಲೆ ಎತ್ತಲಿಲ್ಲ. "ನಿನ್ನ ತಪ್ಪು ನೀನು ಒಪ್ಕೊಂಡೆ. ನಂದು ಹಾಗೇ ಇದೆಯಲ್ಲಪ್ಪಾ. ಎಲ್ರ ಚೀಲಕ್ಕೂ ಕೈ ಹಾಕಿ, ನಮ್ಮೋನು ಅಂತ ಒಬ್ಬನ್ನ ಬಿಟ್ಟೋನು ಮತ್ತೆ ಯಾವ ಮುಖ ಇಟ್ಕೊಂಡು ಅಲ್ಲಿ ಕೂರ್ಲಿ?"

ಈಗ ಅಳೆಯುವುದು ಆ ಹೆಂಗಸು. ಭಾವ ದೋಣಿ ಹೊರಡುವ ಹೊತ್ತಿಗೆ ದಡದ ಕಡೆ ಬರುವುದಿಲ್ಲ. ಅಕ್ಕ ಮಾತ್ರ ಮೊದಲಿನ ಹಾಗೇ ನನ್ನನ್ನು ಊಟಕ್ಕೆ ಕರೆಯುತ್ತಾಳೆ. ಭಾವ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ. ತಟ್ಟೆ ಬಿಟ್ಟು ಕಣ್ಣೆತ್ತಲು ನನ್ನಿಂದಾಗುವುದಿಲ್ಲ.