ಬುಸಾನಿನಲ್ಲಿ ಎರಡು ಕೋಣೆ

ಹೋಟೆಲಿನವರ ಲೆಕ್ಕದಲ್ಲಿ ಶೈಲಜಾಳ ಮಕ್ಕಳು ಮಕ್ಕಳಲ್ಲ. ಲಾವಣ್ಯಾಗೆ ಇಪ್ಪತ್ತೆರಡು, ಚಿರಂತ್‌ಗೆ ಹತ್ತೊಂಬತ್ತು. ನಾಲ್ವರು ದೊಡ್ಡವರು ಎಂದು ವೆಬ್‌ಸೈಟಿನಲ್ಲಿ ತುಂಬಿದ ಮೇಲೆ ದಕ್ಷಿಣ ಕೊರಿಯಾದ ಬುಸಾನಿನ ಕಡಲತೀರದ ಯಾವ ಹೋಟೆಲೂ ಒಂದೇ ಕೋಣೆ ತೋರಿಸಲಿಲ್ಲ.

"ಎರಡು ರೂಮ್ ತಗೋಬೇಕು ಅಮ್ಮಾ," ಎಂದಳು ಲಾವಣ್ಯಾ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. "ಯಾರ ಜೊತೆ ಯಾರು?"

"ಅಮ್ಮ, ದೀದಿ ಒಂದು. ಅಪ್ಪ, ನಾನು ಒಂದು." ಚಿರಂತ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಇಸ್ ಮೇ ಪೂಛ್‌ನಾ ಕ್ಯಾ ಹೈ? ಇದರಲ್ಲಿ ಕೇಳೋದೇನಿದೆ?"

"ಅಪ್ಪನ ಗೊರಕೆಗೆ ನೀನು ಸತ್ತೇ ಹೋಗ್ತೀಯ."

"ನಾನಲ್ಲ ಯಾರ್, ನಾರ್ತ್ ಕೊರಿಯಾದವರು. ಯುದ್ಧ ಶುರುವಾಯ್ತು ಅಂತ ಬಂಕರ್‌ಗೆ ಓಡ್ತಾರೆ."

ಇಬ್ಬರೂ ನಕ್ಕರು. ಅಡುಗೆಮನೆಯಲ್ಲಿ ಶೈಲಜಾಳೂ ನಕ್ಕಳು. ಸಾರು ತಿರುವುತ್ತಿದ್ದ ಕೈ ನಿಲ್ಲಲಿಲ್ಲ. ಅಪ್ಪ ಅಮ್ಮ ಬೇರೆ ಬೇರೆ ಮಲಗುವುದನ್ನು ಮಕ್ಕಳು ಅಷ್ಟಾಗಿ ಗಮನಿಸಿಲ್ಲವೆಂದು ಅವಳು ಅಂದುಕೊಂಡಿದ್ದಳು. ಮಗ ಅದನ್ನು ಫ್ರಿಜ್ಜು ಎಲ್ಲಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದ್ದ.

"ಈಗಲೇ ಬುಕ್ ಮಾಡಬೇಡ ಕಣೇ. ಹೇಳ್ತೀನಿ," ಎಂದಳು.

ಶೈಲಜಾ ಚಳ್ಳಕೆರೆಯವಳು. ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಸ್ಟೆನೋ ಆಗಿ ದೆಹಲಿಗೆ ಬಂದವಳು ಮುನಿರ್ಕಾದಲ್ಲಿ ಕಿಟಕಿಯಿಲ್ಲದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದಳು. ಅರಸೀಕೆರೆಯ ಯೋಗೀಶ ಆಗ ಗುರುಗ್ರಾಮದ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದ, ಈಗಲೂ ಅದನ್ನೇ ನೋಡುತ್ತಾನೆ. ಮದುವೆಯಾದ ಹೊಸತರಲ್ಲಿ ಇಬ್ಬರೂ ಆ ಕೋಣೆಯ ಕಿರಿದಾದ ಮಂಚದಲ್ಲೇ ಮಲಗುತ್ತಿದ್ದರು. ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರೂ ಬದಲಿಸಬೇಕಿತ್ತು. ಈಗ ದೆಹಲಿಯದೇ ದ್ವಾರಕಾ ಬಡಾವಣೆಯ ಹೌಸಿಂಗ್ ಸೊಸೈಟಿಯಲ್ಲಿ ಸ್ವಂತ ಫ್ಲ್ಯಾಟು. ಮೂರು ಮಲಗುವ ಕೋಣೆ, ಜೊತೆಗೆ ಮಕ್ಕಳ ಓದಿಗೆಂದು ಮಾಡಿಸಿದ ಇನ್ನೊಂದು ಚಿಕ್ಕ ಕೋಣೆ.

ಕೋವಿಡ್‌ನ ಎರಡನೆಯ ಅಲೆಯಲ್ಲಿ ಯೋಗೀಶ ಆ ಚಿಕ್ಕ ಕೋಣೆಗೆ ಹೋದ. ಅವಳು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಗಂಜಿ ಇಟ್ಟು, ಬಾಗಿಲು ತಟ್ಟಿ, ಹಿಂದೆ ಸರಿಯುತ್ತಿದ್ದಳು. ಕೆಳಗೆ ಆಂಬುಲೆನ್ಸುಗಳು ಕೂಗುತ್ತಾ ಹೋಗುತ್ತಿದ್ದ ದಿನಗಳವು. ಅವನಿಗೆ ಆಸ್ಪತ್ರೆ ಬೇಕಾಗಲಿಲ್ಲ. ಜ್ವರ ಬಿಟ್ಟ ಮೇಲೆ ಹೊರಬಂದು ಎಲ್ಲರ ಜೊತೆ ಕೂತು ಉಂಡ. ಮಲಗಲು ಮಾತ್ರ ಅಲ್ಲಿಗೇ ಹೋದ. ಕೆಮ್ಮು ಇನ್ನೂ ಇದೆ ಎಂದ. ಆಮೇಲೆ ಗೊರಕೆ ಎಂದ. ಆಮೇಲೆ ಬೆಳಗಿನ ಆಫೀಸ್ ಕರೆಗಳು. ಆಮೇಲೆ ಕಾರಣ ಬೇಕಾಗಲಿಲ್ಲ. ಒಗೆದು ಮಡಚಿದ ಅವನ ಬಟ್ಟೆಗಳನ್ನು ಅವಳು ಅಲ್ಲಿಯ ಕಪಾಟಿನಲ್ಲೇ ಇಡತೊಡಗಿದಳು. ಜಗಳವಾಗಿರಲಿಲ್ಲ. ಆಗಿದ್ದರೆ ಎಲ್ಲಿಂದ ಮಾತು ಶುರುಮಾಡಬೇಕೆಂದಾದರೂ ತಿಳಿಯುತ್ತಿತ್ತು.

ಬುಸಾನ್ ಲಾವಣ್ಯಾಳ ಆಸೆ. ಜುಲೈನಲ್ಲಿ ಅವಳು ಕೆಲಸಕ್ಕೆ ಹೈದರಾಬಾದಿಗೆ ಹೊರಡುತ್ತಾಳೆ. ಅದರ ಬೆನ್ನಿಗೆ ಚಿರಂತ್ ಹಾಸ್ಟೆಲ್ ಸೇರುತ್ತಾನೆ. ಅಷ್ಟರೊಳಗೆ ನಾಲ್ವರೂ ಒಮ್ಮೆ ಹೋಗಿಬರಬೇಕು. ಅಲ್ಲಿಂದ ಬಂದಮೇಲೆ ಈ ಮನೆಯಲ್ಲಿ ಉಳಿಯುವುದು ಇಬ್ಬರೇ, ಒಂದು ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು. ಶೈಲಜಾಗೆ ಅದು ಗೊತ್ತಿತ್ತು. ಅಲ್ಲಿಯಾದರೂ ನಾವಿಬ್ಬರೂ ಒಂದೇ ಕೋಣೆಯಲ್ಲಿರೋಣ ಎಂದು ಗಂಡನಿಗೆ ಹೇಳಬೇಕಿತ್ತು. ಅವನು ಬೇಡ ಎಂದುಬಿಟ್ಟರೆ ಆ ಗೋಡೆ ಕಾಯಂ ಆಗುತ್ತದೆ.

ಮರುದಿನ ಆಫೀಸಿನಲ್ಲಿ ವಿದೇಶಕ್ಕೆ ಹೋಗಲು ಅನುಮತಿ ಕೇಳುವ ಅರ್ಜಿ ಕೊಟ್ಟಳು. ಪಕ್ಕದ ಸೆಕ್ಷನ್ನಿನ ವೈಜಯಂತಿ, ಧಾರವಾಡದವಳು, ಇಣುಕಿ ನೋಡಿದಳು.

"ಕೊರಿಯಾ! ಎರಡನೇ ಹನಿಮೂನ್ ಏನ್ರೀ ಮತ್ತ?"

"ಮಕ್ಕಳೂ ಬರ್ತಾರೆ ಕಣ್ರೀ."

"ಬರವಲ್ಲರ‍್ಯಾಕ. ಬರಲಿ ಬಿಡ್ರಿ, ಬೇರೆ ರೂಮಿನಾಗ ಒಗೀರಿ ಅವರನ್ನ!"

ಶೈಲಜಾ ನಕ್ಕಳು. ನಗುವುದು ಸುಲಭವಿತ್ತು.

ಸಂಜೆ ರಾಜೀವ್ ಚೌಕದಲ್ಲಿ ಮೆಟ್ರೋ ಬದಲಿಸಿದಾಗ ಸೀಟು ಸಿಕ್ಕಿತು. ಮೊಬೈಲಿನಲ್ಲಿ ಬುಸಾನಿನ ಕೋಣೆಗಳನ್ನು ನೋಡುತ್ತಾ ಹೋದಳು. ಕಡಲತೀರದಿಂದ ದೂರದ ಹಳೆಯ ವಸತಿಗೃಹವೊಂದರಲ್ಲಿ ಮಂಚಗಳೇ ಇಲ್ಲದ ಕೋಣೆ. ನೆಲವನ್ನು ಕೆಳಗಿನಿಂದ ಬೆಚ್ಚಗಿಡುತ್ತಾರಂತೆ, ಅದರ ಮೇಲೆ ಹಾಸಿಗೆ ಹಾಸಿಕೊಂಡು ಮನೆಮಂದಿಯೆಲ್ಲ ಮಲಗಬಹುದು. ಮದುವೆಮನೆಗಳಲ್ಲಿ ಜಮಖಾನದ ಮೇಲೆ ಮಲಗುವ ಹಾಗೆ. ಇದಾದರೆ ಯಾರು ಯಾರನ್ನೂ ಏನೂ ಕೇಳಬೇಕಾಗಿಲ್ಲ. ನಾಲ್ವರನ್ನೂ ಮನಸ್ಸಿನಲ್ಲೇ ಅಲ್ಲಿ ಮಲಗಿಸಿ ನೋಡಿದಳು. ಆ ತುದಿಗೆ ಯೋಗೀಶ, ಪಕ್ಕಕ್ಕೆ ಚಿರಂತ್, ಆಮೇಲೆ ಲಾವಣ್ಯಾ, ಈ ತುದಿಗೆ ತಾನು. ಬೇರೆ ಥರ ಮಲಗಿಸಲು ನೋಡಿದಳು. ಆಗಲಿಲ್ಲ. ಎದುರಿನ ಹೆಂಗಸು ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಬಟಾಣಿ ಸುಲಿಯುತ್ತಿದ್ದಳು. ಶೈಲಜಾ ಮೊಬೈಲನ್ನು ಬ್ಯಾಗಿಗೆ ಹಾಕಿ ತನ್ನ ಸ್ಟೇಷನ್ ಬರುವವರೆಗೂ ಆ ಬಟಾಣಿಯನ್ನೇ ನೋಡುತ್ತಾ ಕೂತಳು.

ಮನೆಯಲ್ಲಿ ಯೋಗೀಶ ಆಗಲೇ ಬಂದಿದ್ದ. ಅವಳು ಚಹಾ ಹಿಡಿದುಕೊಂಡು ಹೋಗಿ ಚಿಕ್ಕ ಕೋಣೆಯ ಬಾಗಿಲು ತಟ್ಟಿದಳು. ಅವನು ಶೂ ಬಿಚ್ಚುತ್ತಿದ್ದ.

"ರೀ, ಅಲ್ಲಿ ಎರಡು ರೂಮು ತಗೋಬೇಕಂತೆ."

"ಹ್ಞೂಂ, ಲಾವಣ್ಯಾ ಮೆಸೇಜ್ ಮಾಡಿದ್ಲು. ನಾನೂ ಚಿರಂತೂ ಒಂದರಲ್ಲಿ ಅಂತ."

"ನಾವಿಬ್ಬರೂ ಒಂದರಲ್ಲಿ ಇರೋಣ ಅಂತ ನಾನು."

ಅವನ ಕೈಯಲ್ಲಿ ಸಾಕ್ಸ್ ಇತ್ತು. ಅದನ್ನು ಬಿಡಿಸಿ, ಮತ್ತೆ ಸುತ್ತಿ, ಶೂ ಒಳಗೆ ತುರುಕಿದ.

"ನಿನಗೆ ನಿದ್ದೆ ಬರಲ್ಲ ಶೈಲಾ."

"ಬರದಿದ್ರೆ ಬೇಡ."

ಅವನು ಚಹಾ ತೆಗೆದುಕೊಂಡ. ಒಂದು ಗುಟುಕು ಕುಡಿದ. "ಬೇರೆ ಬೇರೆ ಮಂಚ ಇರೋದು ಸಿಗುತ್ತಾ ನೋಡೋಕೆ ಹೇಳು," ಎಂದ. "ನಾನು ರಾತ್ರಿ ತುಂಬಾ ಸಲ ಏಳ್ತೀನಿ ಈಗೀಗ. ನಿನಗೆ ಗೊತ್ತಿಲ್ಲ."

ಗೊತ್ತಿರಲಿಲ್ಲ. ಯಾಕೆ ಏಳುತ್ತಾನೆಂದು ಕೇಳಬೇಕೆನಿಸಿತು. ಬಾಗಿಲು ಮುಚ್ಚದೆ ಹೊರಗೆ ಬಂದಳು.

"ಅಮ್ಮ-ಅಪ್ಪ ಒಂದು ರೂಮಾ? ಪಕ್ಕಾ?" ಲಾವಣ್ಯಾ ತಮ್ಮನ ಮುಖ ನೋಡಿದಳು. ಈ ಸಲ ಚಿರಂತ್ ಮೊಬೈಲಿನಿಂದ ತಲೆ ಎತ್ತಿದ.

"ಪಕ್ಕಾ. ಎರಡು ಮಂಚ ಇರೋದು ನೋಡು."

"ಅಚ್ಛಾ. ಇದು ನೋಡು, ಸಮುದ್ರ ಕಾಣುತ್ತೆ."

ಸಂತೋಷವಾಯಿತೇ ಎಂದು ಶೈಲಜಾ ತನ್ನೊಳಗೆ ಹುಡುಕಿದಳು. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಎಲ್ಲವೂ ಇದ್ದಲ್ಲೇ ಇತ್ತು, ಯಾವುದೂ ತಿಳಿಯುತ್ತಿರಲಿಲ್ಲ. ಮಗಳು ತೋರಿಸಿದ ಚಿತ್ರದ ಕಡೆ ಬಗ್ಗಿದಳು. ಬಿಳಿ ಹೊದಿಕೆಯ ಎರಡು ಮಂಚಗಳು, ಕಿಟಕಿಯಾಚೆ ಬೂದು ಬಣ್ಣದ ನೀರು. ಮಂಚಗಳ ನಡುವೆ ಒಂದು ಪುಟ್ಟ ಮೇಜು. ಅದರ ಮೇಲೆ ಇಬ್ಬರಿಗೂ ಸೇರಿ ಒಂದೇ ದೀಪ.

"ಕರ್ ದೂಂ?" ಎಂದಳು ಲಾವಣ್ಯಾ, ಬೆರಳು ಗುಂಡಿಯ ಮೇಲಿಟ್ಟು.

"ಮಾಡು," ಎಂದಳು ಶೈಲಜಾ. ರಾತ್ರಿ ಆ ದೀಪವನ್ನು ಆರಿಸುವುದು ಯಾರು, ಆರಿಸುವ ಮುಂಚೆ ನಿದ್ದೆಯಿಂದ ಯಾಕೆ ಏಳುತ್ತೀರಿ ಎಂದು ಹೇಗೆ ಕೇಳುವುದು, ಎಂದು ಅವಳು ಯೋಚಿಸುತ್ತಿದ್ದಳು.