ಹೊಗಳಬಾರದ ಹುಡುಗಿ

ಆಗೆಲ್ಲ ನಮ್ಮ ಕಡೆ ಮಕ್ಕಳನ್ನು ಎದುರಿಗೆ ಹೊಗಳುವ ರೂಢಿ ಇರಲಿಲ್ಲ. ಹೆಚ್ಚೆಂದರೆ ‘ಪರವಾಗಿಲ್ಲ’ ಅನ್ನುತ್ತಿದ್ದರು, ಅದೂ ಮಗು ಅಲ್ಲಿಂದ ಎದ್ದು ಹೋದ ಮೇಲೆ. ನನ್ನ ಪಾಲಿಗೆ ಆ ಪರವಾಗಿಲ್ಲವೂ ಬರಲಿಲ್ಲ. ನನಗಿಂತ ಮೊದಲು ಹುಟ್ಟಿದ ಇಬ್ಬರು ತೊಟ್ಟಿಲಲ್ಲೇ ಹೋಗಿದ್ದರಂತೆ. ಹಾಗಾಗಿ ನಾನು ಹುಟ್ಟಿದ ಕೂಡಲೇ ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ಇದು ಬೇಡದ ಕೂಸು ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ, ಪಕ್ಕದ ಮನೆಯ ಮುದುಕಿಯಿಂದ ಎತ್ತಿಸಿ ತಂದು ತಿಪ್ಪವ್ವ ಎಂದು ಹೆಸರಿಟ್ಟರು. ಯಾರಿಗೂ ಬೇಡದ್ದನ್ನು ಸಾವೂ ಮುಟ್ಟುವುದಿಲ್ಲ ಎಂಬುದು ಹಿರಿಯರ ನಂಬಿಕೆ.

ಕೂಸಿಗೆ ಮಾತ್ರ ಇದನ್ನು ಯಾರೂ ಹೇಳಿರಲಿಲ್ಲ. ತಾಳಗುಂದದ ಹತ್ತಿರದ ನಮ್ಮೂರಿಗೆ ಬಂದ ನೆಂಟರು ಹುಡುಗಿ ಲಕ್ಷಣವಾಗಿದ್ದಾಳೆ ಅಂದರೆ ಸಾಕು, ಅವ್ವ ನೆಲಕ್ಕೆ ಉಗಿದು, ಎಲ್ಲಿಯ ಲಕ್ಷಣ, ಸುಟ್ಟ ಬದನೆಕಾಯಿ ಎನ್ನುತ್ತಿದ್ದಳು. ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದರೆ, ಮೇಷ್ಟ್ರಿಗೆ ಕಣ್ಣು ಕಾಣಲಿಲ್ಲವೇನೋ ಎನ್ನುತ್ತಿದ್ದಳು. ನಾನು ಅಷ್ಟನ್ನೂ ನಂಬಿದೆ. ಅವ್ವ ಹೇಳಿದ್ದನ್ನು ನಂಬದೆ ಇನ್ನು ಯಾರು ಹೇಳಿದ್ದನ್ನು ನಂಬುವುದು? ತಲೆ ಬಗ್ಗಿಸಿಯೇ ನಡೆಯುತ್ತಿದ್ದೆ. ಕುಂಟಾಬಿಲ್ಲೆ ಆಡುವಾಗ ಗೆಲ್ಲುವ ಹಾಗೆ ಕಂಡರೆ ಬೇಕೆಂದೇ ಗೆರೆ ತುಳಿದು ಔಟಾಗುತ್ತಿದ್ದೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಸೊರಬದ ಕಡೆಯ ಟೀಚರ್ ಒಬ್ಬರು ಹೊಸದಾಗಿ ಬಂದರು. ತರಗತಿಯ ಬಾಗಿಲ ಪಕ್ಕ ಒಂದು ಕನ್ನಡಿ ತೂಗುಹಾಕಿ, ಹಾಜರಿಗೆ ಮೊದಲು ಪ್ರತಿಯೊಬ್ಬರೂ ಅದರ ಮುಂದೆ ನಿಂತು ತಮ್ಮ ಬಗ್ಗೆ ಒಂದು ಒಳ್ಳೆಯ ಮಾತು ಗಟ್ಟಿಯಾಗಿ ಹೇಳಬೇಕೆಂದು ಕಟ್ಟಳೆ ಮಾಡಿದರು. ದಿನಾ ಕೇಳಿದ್ದನ್ನೇ ಮನಸ್ಸು ಗಿಳಿಯ ಹಾಗೆ ಒಪ್ಪಿಸುತ್ತದೆ, ಅದಕ್ಕೆ ಒಳ್ಳೆಯ ಮಾತು ಕಲಿಸಿ ಎನ್ನುತ್ತಿದ್ದರು. ಗಂಡು ಹುಡುಗರಿಗೆ ಹಬ್ಬವಾಯಿತು. ಒಬ್ಬ ತಾನು ಯಾವ ಹೋರಿಗೂ ಹೆದರುವುದಿಲ್ಲ ಅಂದ. ಅವನು ನಾಯಿ ಬೊಗಳಿದರೆ ಬೇಲಿ ಹಾರುವುದನ್ನು ನಾವೆಲ್ಲ ಕಂಡಿದ್ದೆವು. ನಾನು ಮಾತ್ರ ಕನ್ನಡಿಯ ಮುಂದೆ ನಿಂತು ಕಾಲುಬೆರಳು ನೋಡಿಕೊಂಡು ವಾಪಸು ಬರುತ್ತಿದ್ದೆ. ಟೀಚರ್ ಬೈಯಲಿಲ್ಲ. ನಾಳೆ ಹೇಳುವಿಯಂತೆ ಅನ್ನುತ್ತಿದ್ದರು.

ಗೋವಿನಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ನನಗೂ ಬಾಯಿ ಬಂತು. ಊರ ರಸ್ತೆಯ ತುಂಬ ಕಾಳು ಒಣಹಾಕಿದ್ದರು. ಕೆಂಡದಲ್ಲಿ ಸುಟ್ಟ ತೆನೆಯ ವಾಸನೆ ಶಾಲೆಯ ಒಳಗೂ ಬರುತ್ತಿತ್ತು. ‘ನಾನು ಗಟ್ಟಿ ಹುಡುಗಿ. ನನಗೆ ಎಲ್ಲ ಬರ್ತದೆ’ ಅಂದುಬಿಟ್ಟೆ. ಮರುದಿನ ಮತ್ತೆ ಅಂದೆ. ಮೊದಮೊದಲು ಸುಳ್ಳು ಹೇಳಿದ ಹಾಗೆ ಕಿವಿ ಬಿಸಿಯಾಗುತ್ತಿತ್ತು, ಆಮೇಲೆ ಅದೂ ನಿಂತಿತು. ಪ್ರಶ್ನೆ ಕೇಳಿದರೆ ಕೈ ಎತ್ತತೊಡಗಿದೆ. ಕುಂಟಾಬಿಲ್ಲೆಯಲ್ಲಿ ಗೆದ್ದೆ, ಗೆದ್ದವಳು ಕುಣಿದೂ ಬಿಟ್ಟೆ.

ಅದೇ ಖುಷಿಯಲ್ಲಿ ಒಂದು ಬೆಳಿಗ್ಗೆ ಮನೆಯಲ್ಲಿ ತಲೆ ಬಾಚಿಸಿಕೊಳ್ಳುವಾಗಲೂ ಅದನ್ನೇ ಹೇಳಿದೆ. ಜಡೆ ಹೆಣೆಯುತ್ತಿದ್ದ ಅವ್ವನ ಕೈ ನಿಂತಿತು. ಯಾರು ಕಲಿಸಿದರು ಎಂದು ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ, ಜಡೆಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದಳು. ನನಗೆ ಹೆದರಿಕೆಯಾದದ್ದು ಆಗ.

ಆ ವಾರವೇ ಜ್ವರ ಬಂತು. ಬಂದದ್ದು ಬಿಡಲಿಲ್ಲ. ಅಪ್ಪ ಊರಲ್ಲಿರಲಿಲ್ಲ, ಗದ್ದೆಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಲು ಹಿಂಡು ಹೊಡೆದುಕೊಂಡು ಕುಬಟೂರಿನ ಕಡೆ ಹೋಗಿದ್ದ. ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ತಾಗಿಲ್ಲದಿದ್ದರೆ ಮೆಣಸಿನಕಾಯಿ ಸುಟ್ಟ ಘಾಟಿಗೆ ಮನೆಯವರೆಲ್ಲ ಕೆಮ್ಮಬೇಕು. ಯಾರೂ ಕೆಮ್ಮಲಿಲ್ಲ. ನಾನು ಕೆಮ್ಮು ತರಿಸಿಕೊಳ್ಳಲು ನೋಡಿದೆ, ಬರಲಿಲ್ಲ. ನನ್ನ ಬಾಯಿಯೇ ನನ್ನನ್ನು ತಿನ್ನುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಕಣ್ಣು ಮುಚ್ಚಿಕೊಂಡು, ನಾನು ಸುಟ್ಟ ಬದನೆಕಾಯಿ, ನನಗೆ ಏನೂ ಬರುವುದಿಲ್ಲ ಎಂದು ಒಳಗೊಳಗೇ ಹೇಳಿಕೊಳ್ಳತೊಡಗಿದೆ. ಜ್ವರ ಏರುತ್ತಲೇ ಇತ್ತು. ಅವ್ವ ತಾಯಿತ ಕಟ್ಟಿಸಿದಳು, ಮತ್ತೆ ನಿವಾಳಿಸಿದಳು. ಗಂಜಿಯೂ ಒಳಗೆ ನಿಲ್ಲದಾಯಿತು.

ಒಂದು ಮಧ್ಯಾಹ್ನ ಟೀಚರ್ ಮನೆಗೇ ಬಂದರು. ನಾನು ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ್ದೆ. ಅವರು ಹಣೆ ಮುಟ್ಟಿ ನೋಡಿ ಗಾಬರಿಯಾದರು.

“ಎಂತ ಕಾಯ್ತಾ ಇದೀರಿ ಅಮ್ಮಾ? ಈಗಿಂದೀಗ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.”

ಅವ್ವ ಜಾಗ ಬಿಟ್ಟು ಕದಲಲಿಲ್ಲ. ಇದು ಆಸ್ಪತ್ರೆಯ ಜ್ವರವಲ್ಲ, ನಿಮ್ಮ ಕನ್ನಡಿಯ ಜ್ವರ ಅಂದಳು. ಮಗು ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಆಡಿದರೆ ಏನು ತಪ್ಪು, ಮನೆಯಲ್ಲಿ ನೀವು ಒಂದು ದಿನವಾದರೂ ಆಡಿದ್ದೀರಾ ಎಂದು ಟೀಚರ್ ಕೇಳಿದರು. ಅವರಿಗೂ ಸಿಟ್ಟು ಬಂದಿತ್ತು. ಅವ್ವನ ದನಿ ಒಡೆಯಿತು.

“ನನಗ ಗೊತ್ತಿಲ್ಲೇನ್ರೀ ಆಕಿ ಎಂಥಾಕಿ ಅಂತ? ನಮ್ಮ ವಂಶದಾಗ ಇಂಥಾ ಶಾಣೆ ಹುಡುಗಿ ಹುಟ್ಟಿಲ್ಲ. ಇಷ್ಟು ಚಂದದ ಮಗಳು ಊರಾಗ ಯಾರಿಗೈತಿ ಹೇಳ್ರಿ? ಎರಡು ಕಳಕಂಡೀನಿ. ಇದೊಂದು ಉಳೀಲಿ ಅಂತ ಬಾಯಿ ಹೊಲ್ಕಂಡು ಕುಂತೀನಿ ನಾನು.”

ಅಷ್ಟು ಹೇಳಿದವಳಿಗೆ ತಾನು ಹೇಳಿದ್ದು ಕೇಳಿಸಿರಬೇಕು. ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು. ಅಂಥ ಭಯವನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ. ಎಲ್ಲರ ಕಣ್ಣಿಗಿಂತ ತಾಯಿಯ ಕಣ್ಣು ಕೆಟ್ಟದ್ದು, ಅದು ತಾಗಿದರೆ ಉಪ್ಪಿಗೂ ಇಳಿಯುವುದಿಲ್ಲ ಎಂದು ನಂಬಿದವಳು ಅವಳು. ಮನೆಯಲ್ಲಿದ್ದ ಮದ್ದೆಲ್ಲ ಆ ಕ್ಷಣಕ್ಕೆ ಅವಳ ಪಾಲಿಗೆ ಮುಗಿದುಹೋಯಿತು.

“ನಡೀರಿ ಆಸ್ಪತ್ರಿಗೆ,” ಅಂದಳು. “ನನ್ನ ಕಣ್ಣು ಬಿದ್ದಮ್ಯಾಲೆ ಇನ್ನೇನೂ ನಡಿಯಂಗಿಲ್ಲ.”

ಟೀಚರಿಗೆ ಈ ತರ್ಕ ಅರ್ಥವಾಯಿತೋ ಇಲ್ಲವೋ, ಅವರು ಕೇಳುತ್ತಾ ನಿಲ್ಲಲಿಲ್ಲ. ಅವರ ಪರಿಚಯದ ಡಾಕ್ಟರು ಸೊರಬದಲ್ಲಿದ್ದರು. ಸಿಕ್ಕಿದ ಬಸ್ಸು ಹತ್ತಿದೆವು. ಅವ್ವನ ತೊಡೆಯ ಮೇಲೆ ನನ್ನ ತಲೆ, ಟೀಚರ ಮಡಿಲಲ್ಲಿ ಕಾಲು. ದಾರಿಯುದ್ದಕ್ಕೂ ಅವ್ವ ಸೆರಗನ್ನು ಬಾಯಿಂದ ತೆಗೆಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನೋಡಿದರೆ ಇನ್ನಷ್ಟು ತಾಗೀತು ಎಂದು ಕಿಟಕಿಯ ಆಚೆ ನೋಡುತ್ತ, ಕೈಯಿಂದ ತಡವಿ ತಡವಿ ನನ್ನ ಉಸಿರಾಡುತ್ತಿದೆಯೇ ಎಂದು ತಿಳಿದುಕೊಳ್ಳುತ್ತಿದ್ದಳು. ನನಗೆ ಜ್ವರದ ಮಂಪರು. ಆದರೂ ಒಂದು ಮಾತು ಮಾತ್ರ ಬಿಡದೆ ಕಿವಿಯಲ್ಲಿತ್ತು: ನಾನು ಶಾಣೆ, ನಾನು ಚಂದ, ಅವ್ವನಿಗೆ ಅದು ಮೊದಲಿನಿಂದಲೂ ಗೊತ್ತು. ಸಾಯುತ್ತೇನೇನೋ ಎಂಬ ಹೆದರಿಕೆಯ ನಡುವೆಯೇ ನನಗೆ ಸಂತೋಷವಾಗಿತ್ತು. ಎರಡೂ ಒಟ್ಟಿಗೆ ಇರಬಹುದೆಂದು ಅಂದು ಗೊತ್ತಾಯಿತು.

ಟೈಫಾಯ್ಡ್ ಎಂದರು. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತಂತೆ. ಜ್ವರ ಇಳಿದ ದಿನ ಡಾಕ್ಟರು, ನಿಮ್ಮ ಹುಡುಗಿ ಗಟ್ಟಿ ಇದಾಳೆ ಬಿಡಿ ಅಂದಾಗ ಅವ್ವ ಅವರನ್ನು ಕೆಕ್ಕರಿಸಿ ನೋಡಿ, ಗೋಡೆಯ ಕಡೆ ತಿರುಗಿ ಥೂ ಥೂ ಅಂದಳು.

ಕನ್ನಡಿಯ ಮುಂದೆ ನಿಲ್ಲಬೇಡವೆಂದು ಅವ್ವ ಆಮೇಲೆ ಹೇಳಲಿಲ್ಲ. ನಾನು ಬೆಳಿಗ್ಗೆ ಶಾಲೆಯಲ್ಲಿ ನನ್ನನ್ನು ಹೊಗಳಿಕೊಂಡು ಬಂದರೆ, ಸಂಜೆ ಅವಳು ಎರಡರಷ್ಟು ಬೈದು ಅದನ್ನು ಸರಿತೂಗಿಸುತ್ತಿದ್ದಳು. ಬೈಗುಳವೆಲ್ಲ ಹಳೆಯವೇ, ನನಗೆ ಕೇಳಿಸುವ ಬಗೆ ಬೇರೆಯಾಗಿತ್ತು.

ಈಗ ನಾನು ಶಿಕಾರಿಪುರದಲ್ಲಿದ್ದೇನೆ. ನನ್ನ ಮಗಳಿಗೆ ಬೆಳಿಗ್ಗೆ ಎದ್ದ ಕೂಡಲೇ ಫೋನಿನ ಆ್ಯಪೇ ನೀನು ಸುಂದರಿ, ನೀನು ಸಮರ್ಥೆ ಎನ್ನುತ್ತದೆ. ನಾನೂ ದಿನಾ ಹೇಳುತ್ತೇನೆ. ಹೇಳಬೇಕು ಕೂಡ, ಸುಟ್ಟ ಬದನೆಕಾಯಿ ಎಂದು ಕೇಳಿ ಬೆಳೆದವಳಿಗೆ ಅದರ ಬೆಲೆ ಗೊತ್ತು. ಅವಳು ತಲೆ ಎತ್ತಿ ನಡೆಯುತ್ತಾಳೆ, ನೋಡಿ ಹೊಟ್ಟೆ ತಣ್ಣಗಾಗುತ್ತದೆ. ಆದರೆ ನಾನು ‘ಸೂಪರ್’ ಅನ್ನುವಾಗ ಅವಳೂ ಫೋನಿನಿಂದ ತಲೆ ಎತ್ತುವುದಿಲ್ಲ, ನಾನೂ ಒಲೆಯಿಂದ ತಿರುಗುವುದಿಲ್ಲ.

ಅವ್ವ ತೀರಿಕೊಂಡಳು. ಬದುಕಿಡೀ ನನ್ನನ್ನು ಹೊಗಳಿದ್ದು ಒಮ್ಮೆ ಮಾತ್ರ, ಅದೂ ನನಗೆ ಹೇಳಿದ್ದಲ್ಲ, ಟೀಚರಿಗೆ. ಆಮೇಲೆ ನನ್ನನ್ನು ಹೊಗಳಿದವರು ಬೇಕಾದಷ್ಟು ಜನ. ಹೊಗಳಿ, ನಾನೆಲ್ಲಿ ಸತ್ತುಹೋಗುತ್ತೇನೋ ಎಂದು ನಡುಗಿದವರು ಒಬ್ಬರೂ ಇಲ್ಲ.